ಗುಂಡಿಯ ಹಿಂದಿರುವ ಅಪ್ಪಣೆ

ಶಾಲೆಯ ಉತ್ಸವಗಳಲ್ಲಿ ತೆಗೆದ ವಿಡಿಯೋಗಳನ್ನು ಕತ್ತರಿಸುವುದು, ಜೋಡಿಸುವುದು, ಕುಗ್ಗಿಸುವುದು ಮೊದಲಾದ ಕಾರ್ಯಗಳು ಈಗ ವಿದ್ಯಾರ್ಥಿನಿಯರ ಕೈಗೇ ಬರುತ್ತಿವೆ. ಆದಕಾರಣ ಈ ಕೆಲಸದ ಮರ್ಮವನ್ನು ಅವರು ಅರಿತಿರುವುದು ಯುಕ್ತವೆಂದು ನಾವು ಎಣಿಸುತ್ತೇವೆ.

ಇಂತಹ ಕಾರ್ಯಗಳಿಗೆ ಎಫ್‌ಎಫ್‌ಎಂಪೆಗ್ ಎಂಬ ಸಾಧನವು ಬಹು ಪ್ರಸಿದ್ಧವಾದುದು. ಫ್ರಾನ್ಸ್ ದೇಶದ ಫಾಬ್ರಿಸ್ ಬೆಲ್ಲಾರ್ ಎಂಬವರು ಇದನ್ನು 2000ನೆಯ ಇಸವಿಯಲ್ಲಿ ಆರಂಭಿಸಿದರು. ಇದಕ್ಕೆ ಕ್ರಯವಿಲ್ಲ. ಆದರೆ ಒತ್ತುವುದಕ್ಕೆ ಗುಂಡಿಗಳೂ ಇಲ್ಲ. ಯಾವ ಕಡತವನ್ನು ತೆಗೆದುಕೊಳ್ಳಬೇಕು, ಎಲ್ಲಿಂದ ಎಲ್ಲಿಯ ವರೆಗೆ ಕತ್ತರಿಸಬೇಕು, ಯಾವ ಹೆಸರಿನಲ್ಲಿ ಇಡಬೇಕು ಎಂಬುದೆಲ್ಲವನ್ನೂ ಒಂದು ಸಾಲಾಗಿ ಬೆರಳಚ್ಚಿಸಿ ಅಪ್ಪಣೆ ಕೊಡಬೇಕು. ಒಂದಕ್ಷರ ತಪ್ಪಿದರೂ ಕೆಲಸವು ಕೆಡುವುದುಂಟು.

ಈ ತೊಡಕನ್ನು ಪರಿಹರಿಸುವ ತಂತ್ರಾಂಶಗಳಲ್ಲಿ ಲಾಸ್‌ಲೆಸ್‌ಕಟ್ ಎಂಬುದು ಒಂದು. ವಿಂಡೋಸ್, ಮ್ಯಾಕ್, ಲಿನಕ್ಸ್ ಈ ಮೂರರಲ್ಲಿಯೂ ಇದು ನಡೆಯುತ್ತದೆ. ಚಿತ್ರವನ್ನು ನೋಡುತ್ತಾ ಆದಿಯನ್ನೂ ಅಂತ್ಯವನ್ನೂ ಗುರುತಿಸಿ ಗುಂಡಿಯನ್ನೊತ್ತಿದರೆ, ಇದು ತಕ್ಕ ಅಪ್ಪಣೆಯನ್ನು ತಾನೇ ರಚಿಸಿ ಎಫ್‌ಎಫ್‌ಎಂಪೆಗ್‌ಗೆ ಒಪ್ಪಿಸುತ್ತದೆ. ಕೆಲಸಗಾರನು ಅವನೇ, ಇದು ದುಭಾಷಿ ಮಾತ್ರ.

ಆದರೆ 34ನೆಯ ಸೆಕೆಂಡಿನಿಂದ ಬೇಕೆಂದು ಗುರುತಿಸಿದ ಹಾಡು 30ನೆಯ ಸೆಕೆಂಡಿನಿಂದಲೇ ಆರಂಭವಾದರೆ ಹುಡುಗಿಯರು ಬೆರಗಾಗುವರು. ಇದಕ್ಕೆ ಕಾರಣವುಂಟು. ಲೆಕ್ಕದ ಪುಸ್ತಕದಲ್ಲಿ ಪುಟದ ಮೊದಲಿಗೆ ಹಿಂದಿನ ಶಿಲ್ಕನ್ನು ಪೂರ್ಣವಾಗಿ ಬರೆದು, ಕೆಳಗೆ ಜಮಾ ಖರ್ಚುಗಳನ್ನು ಮಾತ್ರ ಬರೆಯುವೆವಷ್ಟೆ. ವಿಡಿಯೋದಲ್ಲಿಯೂ ಹಾಗೆಯೇ ಆಗಾಗ್ಗೆ ಒಂದು ಪೂರ್ಣ ಚಿತ್ರವಿದ್ದು, ನಡುವಿನವುಗಳಲ್ಲಿ ಬಹುಮಟ್ಟಿಗೆ ವ್ಯತ್ಯಾಸಗಳು ಮಾತ್ರ ಇರುತ್ತವೆ. ಪುಟದ ನಡುವಿನಿಂದ ಹರಿದ ಲೆಕ್ಕಕ್ಕೆ ಶಿಲ್ಕು ಎಲ್ಲಿಯದು? ಪೂರ್ಣ ಚಿತ್ರಗಳು 30ನೆಯ ಮತ್ತು 40ನೆಯ ಸೆಕೆಂಡುಗಳಲ್ಲಿ ಇದ್ದರೆ, ಕತ್ತರಿಯು ಹಿಂದಕ್ಕೆ ಸರಿದು 30ರಲ್ಲಿಯೇ ಬೀಳುವುದು.

ಸರಿಯಾಗಿ 34ರಲ್ಲಿಯೇ ಬೇಕಾದರೆ ಚಿತ್ರಗಳನ್ನು ಬಿಡಿಸಿ ಮರಳಿ ಬರೆಯಿಸಬೇಕು. ಸೆಕೆಂಡಿಗೆ 25 ಚಿತ್ರಗಳಂತೆ ಹತ್ತು ನಿಮಿಷಕ್ಕೆ 15,000 ಚಿತ್ರಗಳಾದವು. ಅಷ್ಟನ್ನೂ ಬರೆಯಲು ಕಾಲವು ಹಿಡಿಯುವುದು. ಅದಕ್ಕಿಂತ ಮುಖ್ಯವಾಗಿ, ಸಾಮಾನ್ಯ ಕ್ರಮದಲ್ಲಿ ಪ್ರತಿಸಾರಿ ಬರೆಯುವಾಗಲೂ ಚಿತ್ರದ ಸೂಕ್ಷ್ಮತೆಯು ಸ್ವಲ್ಪ ನಷ್ಟವಾಗುತ್ತದೆ. ಹೀಗೆ ಹೋದುದನ್ನು ಯಾವ ಗುಂಡಿಯೂ ಹಿಂದಕ್ಕೆ ತಾರದು. ನಿವೃತ್ತರಾದ ಉಪಾಧ್ಯಾಯಿನಿಯೊಬ್ಬರ ಕಡೆಯ ಪಾಠದ ಪ್ರತಿಯು ಒಂದೇ ಇದ್ದ ಪಕ್ಷದಲ್ಲಿ ಇದು ಅಲ್ಪ ನಷ್ಟವಲ್ಲ. ಆದುದರಿಂದ ನಾಲ್ಕು ಸೆಕೆಂಡು ಹೆಚ್ಚಿಗೆ ಬಂದರೂ ಸಹಿಸತಕ್ಕದ್ದು. ಮೂಲ ಕಡತವನ್ನಂತೂ ಎಂದಿಗೂ ಅಳಿಸಕೂಡದು.

ಗುಂಡಿಗಳನ್ನು ನಾವು ಹಳಿಯುವುದಿಲ್ಲ. ಮೊದಲು ಕಲಿಯುವವರಿಗೆ ಅವು ಉಪಕಾರಿಗಳೇ. ಆದರೆ ನೂರು ಕಡತಗಳಿಗೆ ಒಂದೇ ಕೆಲಸವನ್ನು ಮಾಡಬೇಕಾದಾಗ ಬರೆದ ಅಪ್ಪಣೆಯೇ ಸುಲಭವಾದುದು. ಲಾಸ್‌ಲೆಸ್‌ಕಟ್ ತಾನು ಕೊಟ್ಟ ಅಪ್ಪಣೆಗಳನ್ನು ತೋರಿಸುವ ಏರ್ಪಾಡನ್ನೂ ಇಟ್ಟುಕೊಂಡಿದೆ. ನಮ್ಮ ಹುಡುಗಿಯರು ಪ್ರತಿದಿನವೂ ಅದರಲ್ಲಿ ಒಂದು ಸಾಲನ್ನು ಓದಿ, ಪದಪದದ ಅರ್ಥವನ್ನು ವಿಚಾರಿಸಲಿ. ದುಭಾಷಿಯ ಮಾತನ್ನು ಕೇಳುತ್ತಾ ಕೇಳುತ್ತಾ ಭಾಷೆಯನ್ನೇ ಕಲಿತವಳಿಗೆ ಮುಂದೆ ದುಭಾಷಿಯ ಹಂಗಿರದು.