ಬರಗಾಲದ ಕಾಲುವೆ

ಕೊಂಡಪಲ್ಲಿಗೆ ವರ್ಗವಾಗಿ ಬಂದ ಮೊದಲ ವರ್ಷವೇ ನಾನೂ ನನ್ನಾಕೆಯೂ ಒಟ್ಟಿಗೆ ಜ್ವರ ಹಿಡಿದು ಮಲಗಿದೆವು. ಭಾಷೆ ಬಾರದ ಊರು, ನೆಂಟರೆಲ್ಲ ಮೈಸೂರಿನಲ್ಲಿ. ಎದುರುಮನೆಯಲ್ಲಿ ವಯಸ್ಸಾದ ಕ್ರೈಸ್ತ ಗೃಹಿಣಿಯೊಬ್ಬರಿದ್ದಾರೆ. ಕೇರಿಗೆಲ್ಲ ಅವರು ‘ಪಿನ್ನಿಗಾರು’. ಒಂಬತ್ತು ದಿನ ಎರಡು ಹೊತ್ತೂ ಗಂಜಿ ತಂದುಕೊಟ್ಟು, ಮಗುವನ್ನು ತಮ್ಮ ಪಕ್ಕದಲ್ಲೇ ಮಲಗಿಸಿಕೊಂಡರು. ಎದ್ದು ಓಡಾಡುವಂತಾದ ಮೇಲೆ ನಾನೊಂದು ಸೀರೆ ಕೊಂಡುಹೋದೆ.

“ಲೆಕ್ಕ ತೀರಿಸಲು ಬಂದೆಯಾ, ನಾಯನಾ?” ಎಂದರು. ಗುಮಾಸ್ತನಿಗೆ ಆ ಮಾತು ಸರಿಯಾದ ಜಾಗಕ್ಕೇ ತಗುಲಿತು. ಸೀರೆ ನನ್ನ ಕೈಯಲ್ಲೇ ವಾಪಸು ಬಂತು.

ಕ್ರೈಸ್ತರು ‘ಕೃಪೆ’ ಎನ್ನುವುದು ಇದನ್ನೇ ಇರಬೇಕು. ಯೋಗ್ಯತೆ ನೋಡದೆ ದೇವರು ಕೊಟ್ಟದ್ದು. ಪಡೆದವನು ಹಾಗೆಯೇ ನೆರೆಯವನಿಗೆ ಕೊಡಬೇಕಾದದ್ದು. ಒಂದು ಪಾತ್ರೆ ಗಂಜಿಯ ಮಾತು ಹಾಗಿರಲಿ, ಸಾವಿರಾರು ಜನರ ಅನ್ನ ಒಬ್ಬನ ಕೈಯಲ್ಲಿದ್ದಾಗಲೂ ಪ್ರತಿಫಲ ಬೇಡವೆನ್ನಲು ಸಾಧ್ಯವೇ?

ಇಲ್ಲಿಗೆ ಸುಮಾರು 140 ಕಿಲೋಮೀಟರ್ ದೂರದ ಒಂಗೋಲಿನಲ್ಲಿ ಅಂಥದೊಂದು ಪರೀಕ್ಷೆ ನಡೆಯಿತು. 1876–78ರ ಬರವನ್ನು ನಮ್ಮ ಹಿರಿಯರು ಧಾತು–ಈಶ್ವರದ ಬರವೆಂದು ನೆನೆಯುತ್ತಿದ್ದರು. 1871ರ ಜನಗಣತಿಯಲ್ಲಿ 50 ಲಕ್ಷದಷ್ಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತೆಂದರೆ ಊಹಿಸಿಕೊಳ್ಳಿ. ಒಂಗೋಲಿನಲ್ಲಿ ಆಗ ಇದ್ದವರು ಅಮೆರಿಕದ ಬ್ಯಾಪ್ಟಿಸ್ಟ್ ಪಾದ್ರಿ ಜಾನ್ ಕ್ಲಫ್. ಈ ದೇಶಕ್ಕೆ ಬರುವ ಮೊದಲು ಭೂಮಾಪನದ ಕೆಲಸ ಕಲಿತಿದ್ದವರು. ಸರ್ಕಾರ ಬರಪರಿಹಾರಕ್ಕಾಗಿ ಬಕಿಂಗ್‌ಹ್ಯಾಮ್ ಕಾಲುವೆಯನ್ನು ಅಗೆಸುತ್ತಿತ್ತು. ಅದರಲ್ಲಿ ಮೂರೂವರೆ ಮೈಲಿಯನ್ನು ಕ್ಲಫ್ ಗುತ್ತಿಗೆ ಹಿಡಿದರು. ಭಿಕ್ಷೆಯಲ್ಲ, ಕೂಲಿ! ಗದರಿಸುವ ಮೇಸ್ತ್ರಿಗಳ ಬದಲು ತಮ್ಮ ಬೋಧಕರನ್ನೇ ಕೆಲಸದ ಉಸ್ತುವಾರಿಗೆ ನಿಲ್ಲಿಸಿದರು. ಅಲ್ಲಿಗೆ ಬಂದವರಲ್ಲಿ ಬಹಳ ಮಂದಿ ಊರಾಚೆಯ ಮಾದಿಗ ಕೇರಿಗಳವರು. ಮಳೆ ಬೆಳೆ ಚೆನ್ನಾಗಿದ್ದ ಕಾಲದಲ್ಲೂ ಅವರನ್ನು ಹತ್ತಿರ ಕರೆದವರಿರಲಿಲ್ಲ.

ಅನೇಕರು ದೀಕ್ಷಾಸ್ನಾನ ಕೇಳಿದರು. ಪಾದ್ರಿಗಳು ಒಪ್ಪಲಿಲ್ಲ. ಬರ ಕಳೆಯುವವರೆಗೆ, ಒಂದು ವರ್ಷಕ್ಕೂ ಹೆಚ್ಚು ಕಾಲ, ಒಬ್ಬರಿಗೂ ಕೊಡಲಿಲ್ಲ. ಅನ್ನಕ್ಕಾಗಿ ಯಾರೂ ದೇವರನ್ನು ಬದಲಿಸಬಾರದೆಂಬುದು ಅವರ ಹಟ. ಪರಿಹಾರದ ಕೆಲಸ ನಿಂತ ಮೇಲೆ, 1878ರ ಜುಲೈ 3ರಂದು, ಗುಂಡ್ಲಕಮ್ಮ ಹೊಳೆಯಲ್ಲಿ ಒಂದೇ ದಿನ 2,222 ಜನ ದೀಕ್ಷೆ ಪಡೆದರು.

ಹಸಿದಾಗ ಉಂಡ ನೆನಪೇ ಅವರನ್ನು ಕರೆತಂದಿತಲ್ಲವೇ ಎಂದು ನೀವು ಕೇಳಬಹುದು. ಕೇಳಬೇಕಾದ ಮಾತೇ. ಆ ನೆನಪನ್ನು ಅಳೆಯುವ ತಕ್ಕಡಿ ಯಾರಲ್ಲಿದೆ? ಆದರೆ ನನ್ನ ಮನಸ್ಸು ನಿಲ್ಲುವುದು ಆ 2,222ರ ಮೇಲಲ್ಲ. ಕೈಚಾಚಿದ್ದರೆ ಸಿಗುತ್ತಿದ್ದದ್ದನ್ನು ಬೇಡವೆಂದು ದೂರವಿಟ್ಟ ಆ ತಿಂಗಳುಗಳ ಮೇಲೆ.

ಸೀರೆ ಇನ್ನೂ ನಮ್ಮ ಟ್ರಂಕಿನಲ್ಲೇ ಇದೆ. ಹೋದ ತಿಂಗಳು ಪಿನ್ನಿಗಾರು ಅಂಗಳದಲ್ಲಿ ಜಾರಿ ಬಿದ್ದು ಕೈ ಮುರಿದುಕೊಂಡರು. ಈಗ ಎರಡು ಹೊತ್ತೂ ನನ್ನಾಕೆ ಅನ್ನ, ಸಾರು ಕೊಂಡೊಯ್ಯುತ್ತಾಳೆ. ಅವರು ಬೇಡವೆನ್ನುವುದಿಲ್ಲ. “ಸಾರಿಗೆ ಬೆಲ್ಲ ಮಾತ್ರ ಹಾಕಬೇಡಮ್ಮಾ” ಎನ್ನುತ್ತಾರೆ.