ತಪ್ಪಿದ ಮಾತು, ಮಾಡಿದ ಮೋಸ

ಭೂಮಿಯ ವ್ಯವಹಾರ ಕೆಟ್ಟಾಗ ನಮ್ಮ ಜನರ ಬಾಯಲ್ಲಿ ಮೊದಲು ಬರುವ ಮಾತು ‘ಮೋಸವಾಯಿತು’ ಎಂಬುದು. ಅದರ ಬೆನ್ನಿಗೇ ಪೋಲೀಸು ಠಾಣೆಯ ನೆನಪು. ಆದರೆ ಲೋಕವು ಮೋಸವೆನ್ನುವುದಕ್ಕೂ ಕಾಯಿದೆಯು ಮೋಸವೆನ್ನುವುದಕ್ಕೂ ಅಂತರವುಂಟು. ಅದನ್ನರಿಯದೆ ಕೊಟ್ಟ ಎಷ್ಟೋ ಫಿರ್ಯಾದುಗಳು ಉಚ್ಚ ನ್ಯಾಯಾಲಯದಲ್ಲಿ ರದ್ದಾಗುವುವು. ಈ ಅಂತರವು ಎಂತಹುದೆಂಬುದನ್ನು ನಾವು ವಿಚಾರಮಾಡೋಣ.

ಬೀದರ ಜಿಲ್ಲೆಯಲ್ಲಿಯೇ ಮೂರು ಸಂದರ್ಭಗಳನ್ನು ಕಲ್ಪಿಸಿಕೊಳ್ಳಬಹುದು. ಬೀದರ ನಗರದವನೊಬ್ಬನು ತನ್ನ ನಿವೇಶನದ ಕರಾರು ಬರೆದುಕೊಟ್ಟು ಸಂಚಕಾರ ಪಡೆಯುವನು; ಬೆಲೆ ಏರಿದ ಬಳಿಕ ಕ್ರಯಕ್ಕೆ ಒಲ್ಲೆನೆನ್ನುವನು. ಔರಾದದ ರೈತನೊಬ್ಬನು, ತಮ್ಮನೂ ಪಾಲುದಾರನೆಂಬುದನ್ನು ಮುಚ್ಚಿಡದೆ, ಹೊಲದ ಕರಾರು ಮಾಡುವನು. ತಮ್ಮನು ಸಹಿ ಹಾಕಲೊಪ್ಪದೆ ವ್ಯವಹಾರ ನಿಲ್ಲುವುದು. ಭಾಲ್ಕಿಯ ಮತ್ತೊಬ್ಬನು, ಹಿಂದೆಯೇ ಪರರಿಗೆ ನೋಂದಾಯಿಸಿಕೊಟ್ಟ ಹೊಲವನ್ನು ಇನ್ನೂ ತನ್ನದೆಂದು ನಂಬಿಸಿ ಹಣ ಪಡೆಯುವನು. ಕೊಳ್ಳುವವನ ಸಂಕಟ ಮೂರರಲ್ಲಿಯೂ ಒಂದೇ. ಆದರೂ ಕಾಯಿದೆಯ ದೃಷ್ಟಿಯಲ್ಲಿ ಮೂರನೆಯದು ಮಾತ್ರ ವಂಚನೆ.

ಏಕೆಂದರೆ, ವಂಚನೆಯೆಂಬುದು ಸುಳ್ಳಿನಿಂದ ನಂಬಿಸಿ, ಆ ನಂಬಿಕೆಯ ಬಲದಿಂದ ಹಣವನ್ನು ಕೊಡಿಸಿಕೊಳ್ಳುವುದು. ದಂಡ ಸಂಹಿತೆಯ 420ನೆಯ ಕಲಮು ಇದಕ್ಕೆ 7 ವರ್ಷಗಳವರೆಗೆ ಸೆರೆವಾಸವನ್ನು ವಿಧಿಸಿದ್ದಿತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಮು ಅದರ ಸ್ಥಾನದಲ್ಲಿದೆ. ಹಣ ತೆಗೆದುಕೊಂಡ ಹೊತ್ತಿನಲ್ಲಿಯೇ ಮನಸ್ಸಿನಲ್ಲಿ ಕಪಟವಿತ್ತೆ ಎಂಬುದೇ ಇಲ್ಲಿಯ ಪ್ರಶ್ನೆ. ಮುಂದೆ ಲೋಭದಿಂದಲೋ ಮನೆಯ ಕಲಹದಿಂದಲೋ ಮಾತು ತಪ್ಪಿದರೆ ಅದು ಕರಾರಿನ ಭಂಗ. ಮಾತು ತಪ್ಪಿದನೆಂಬ ಒಂದೇ ಕಾರಣದಿಂದ ಮೊದಲೇ ಕಪಟವಿತ್ತೆಂದು ಊಹಿಸಲಾಗದು. ಬಿಹಾರದ ಭೂಮಿ ಮಾರಾಟದಿಂದ ಹುಟ್ಟಿದ ಒಂದು ಮೊಕದ್ದಮೆಯನ್ನು 2000ದಲ್ಲಿ ರದ್ದುಮಾಡುತ್ತ ಸುಪ್ರೀಂ ಕೋರ್ಟು ಈ ತತ್ತ್ವವನ್ನೇ ಹೇಳಿತು.

ರದ್ದು ಕೋರುವ ಬೀದರಿನ ಅರ್ಜಿಗಳು ಉಚ್ಚ ನ್ಯಾಯಾಲಯದ ಕಲಬುರಗಿ ಪೀಠಕ್ಕೆ ಹೋಗುವುವು. 2008ರಲ್ಲಿ ಸಂಚಾರಿ ಪೀಠವಾಗಿ ಆರಂಭವಾದ ಇದು 2013ರಲ್ಲಿ ಖಾಯಂ ಆಯಿತು. ಅಲ್ಲಿ ಸಾಕ್ಷ್ಯವನ್ನು ತೂಗುವುದಿಲ್ಲ. ಫಿರ್ಯಾದಿಯು ಹೇಳಿದುದೆಲ್ಲ ನಿಜವೆಂದೇ ಹಿಡಿದು, ಅದರಿಂದ ಅಪರಾಧವಾಗುವುದೆ ಎಂದು ನೋಡುವರು. ಈ ಅಧಿಕಾರವನ್ನು ವಿರಳವಾಗಿ ಬಳಸತಕ್ಕದ್ದೆಂದು ಸುಪ್ರೀಂ ಕೋರ್ಟು 1990ರಲ್ಲಿ ಭಜನಲಾಲ್ ಮೊಕದ್ದಮೆಯಲ್ಲಿ ತಿಳಿಸಿದೆ. ದಿವಾನಿ ದಾವೆಗೂ ಅವಕಾಶವುಂಟೆಂಬ ಮಾತ್ರದಿಂದ ಫೌಜದಾರಿ ಫಿರ್ಯಾದು ಬಿದ್ದುಹೋಗದು. ಭಾಲ್ಕಿಯವನು ಹಾಗೆ ತಪ್ಪಿಸಿಕೊಳ್ಳಲಾರನು.

ಹಾಗಾದರೆ ಮೊದಲಿಬ್ಬರಿಂದ ನೊಂದವರಿಗೆ ಗತಿಯೇನು? ದಿವಾನಿ ನ್ಯಾಯಾಲಯವುಂಟು. ಕರಾರಿನಂತೆ ಕ್ರಯಪತ್ರ ಮಾಡಿಸಿಕೊಡಬೇಕೆಂದು ಅಲ್ಲಿ ಕೇಳಬಹುದು. ಅದು ಸಾಧ್ಯವಾಗದಿದ್ದರೆ ಸಂಚಕಾರ ಮರಳಿಸಬೇಕೆಂದು ಅದೇ ದಾವೆಯಲ್ಲಿ ಸ್ಪಷ್ಟವಾಗಿ ಕೋರತಕ್ಕದ್ದು. ಕರಾರಿನಲ್ಲಿ ದಿನ ಗೊತ್ತಾಗಿದ್ದರೆ ಆ ದಿನದಿಂದ, ಇಲ್ಲದಿದ್ದರೆ ನಿರಾಕರಣೆ ತಿಳಿದ ದಿನದಿಂದ, 3 ವರ್ಷಗಳೊಳಗೆ ದಾವೆ ಹೂಡಬೇಕು. ಅಪಾಯವಿರುವುದು ಇಲ್ಲಿಯೇ. ಬಂಧನದ ಭಯದಿಂದ ಹಣ ಬೇಗ ಬಂದೀತೆಂದು ಠಾಣೆಯ ಬಾಗಿಲನ್ನೇ ಕಾಯುತ್ತ ಕುಳಿತವನಿಗೆ ಆ ಅವಧಿಯು ನಿಲ್ಲುವುದಿಲ್ಲ. ಕಡೆಗೆ ಫಿರ್ಯಾದು ರದ್ದಾಗುವುದು; ದಾವೆಯ ಕಾಲವೂ ಮೀರಿರುವುದು. ಅತ್ತ ಔರಾದದ ರೈತನು, ತಾನು ಮಾಡದ ಅಪರಾಧಕ್ಕಾಗಿ, ಅಷ್ಟು ವರ್ಷ ಆರೋಪಿಯಾಗಿ ಅಲೆದಿರುವನು.

ಆದುದರಿಂದ ಹಣ ಕೊಡುವ ಮುನ್ನವೇ ಪಹಣಿಯನ್ನೂ, ಉಪನೋಂದಣಿ ಕಚೇರಿಯ ಋಣಭಾರ ಪತ್ರವನ್ನೂ ನೋಡತಕ್ಕದ್ದು. ಭಾಲ್ಕಿಯ ಹೊಲವು ಪರರ ಕೈಸೇರಿದ್ದುದು ಆ ಪತ್ರದಲ್ಲಿಯೇ ಕಾಣುತ್ತಿದ್ದಿತು. ವ್ಯವಹಾರವು ಮುರಿದ ಮೇಲೆ ಫಿರ್ಯಾದು ಬರೆಯುವವರಾದರೂ ಒಂದನ್ನು ಮೊದಲು ವಿಚಾರಿಸಿಕೊಳ್ಳಲಿ: ಹಣ ಕೈಬಿಟ್ಟ ದಿನ ಮಾರುವವನು ನಮಗೆ ಹೇಳಿದ ಸುಳ್ಳು ಯಾವುದು? ಉತ್ತರವಿದ್ದರೆ ಠಾಣೆಗೆ ಹೋಗಬಹುದು. ಇಲ್ಲವಾದರೆ ತಡಮಾಡದೆ ದಿವಾನಿ ನ್ಯಾಯಾಲಯಕ್ಕೆ ಹೋಗುವುದೇ ಲೇಸು.