ಹಿತ್ತಲ ಗಿಡದ ಮದ್ದು: ಹುಬ್ಬಳ್ಳಿ–ಧಾರವಾಡದ ಸುತ್ತ ಮಕ್ಕಳೊಡನೆ ಬೇಸಿಗೆ

ಮಾರ್ಚ್ 31ಕ್ಕೆ ವರ್ಷದ ಲೆಕ್ಕ ಮುಗಿಯಿತೆಂದು ವ್ಯಾಪಾರಸ್ಥರು ನಿಟ್ಟುಸಿರು ಬಿಡುವಷ್ಟರಲ್ಲಿ ಮದುವೆಯ ಹಂಗಾಮು ಎದುರಿಗೆ ಬಂದು ನಿಂತಿರುತ್ತದೆ. ಬಟ್ಟೆ, ಪಾತ್ರೆ, ಬಂಗಾರ, ಕಿರಾಣಿ ಯಾವುದೇ ಅಂಗಡಿಯಿರಲಿ, ಬಸವ ಜಯಂತಿಯಂದೇ ಬರುವ ಅಕ್ಷಯ ತೃತೀಯದ ಆಸುಪಾಸಿನಲ್ಲಿ ಬಾಗಿಲು ಹಾಕುವ ಮಾತೇ ಇಲ್ಲ. ಸಣ್ಣ ಕೈಗಾರಿಕೆಗಳ ಪಾಡು ಇನ್ನೂ ಬಿಗಿ. ಊರ ಜಾತ್ರೆ, ಮನೆಯ ಮದುವೆ ಎಂದು ಕಾರ್ಮಿಕರು ರಜೆ ಹಾಕುವುದು ಈ ದಿನಗಳಲ್ಲೇ ಆದ್ದರಿಂದ ಯಜಮಾನನೇ ಯಂತ್ರದ ಮುಂದೆ ನಿಲ್ಲಬೇಕಾಗುತ್ತದೆ. ಸರಿಯಾಗಿ ಇದೇ ಹೊತ್ತಿಗೆ ಶಾಲೆಗಳಿಗೆ ರಜೆ ಆರಂಭವಾಗುತ್ತದೆ. ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗೆ ಮಕ್ಕಳು ಮನೆಯಲ್ಲಿ, ತಂದೆ ಅಂಗಡಿಯಲ್ಲಿ. ಇಬ್ಬರ ನಡುವೆ ಮೊಬೈಲ್ ಫೋನು.

ಊಟಿ, ಮೈಸೂರು, ಗೋವೆ ಎಂದು ನಾಲ್ಕು ದಿನ ಹೊರಟರೆ ಖರ್ಚಿನ ಜೊತೆಗೆ ನಾಲ್ಕು ದಿನದ ವಹಿವಾಟೂ ಕೈಬಿಡುತ್ತದೆ. ಮುಂದಿನ ವರ್ಷ ನೋಡೋಣ ಎಂಬ ಮಾತಿನಲ್ಲಿ ಪ್ರವಾಸ ಮುಗಿಯುತ್ತದೆ. ಮಗ ಹತ್ತನೆಯ ತರಗತಿಗೆ ಬಂದ ಮೇಲೆ ಆ ಮುಂದಿನ ವರ್ಷವೂ ಇರುವುದಿಲ್ಲ. ಆದರೆ ದೂರದ ಊರಿಗೆ ಹೋಗಲಾಗದಿರುವುದು ಇಲ್ಲಿಯ ನಿಜವಾದ ಕೊರತೆಯಲ್ಲ. ಹುಬ್ಬಳ್ಳಿಯಲ್ಲೇ ಹುಟ್ಟಿ ಬೆಳೆದ ವ್ಯಾಪಾರಿಯ ಮಗನಿಗೆ ತನ್ನ ಊರು ಏನನ್ನು ತಯಾರಿಸುತ್ತದೆ, ತಂದೆಯ ಅಂಗಡಿಗೆ ಸರಕು ಎಲ್ಲಿಂದ ಬರುತ್ತದೆ ಎಂಬುದು ತಿಳಿಯದೇ ಉಳಿಯುತ್ತಿರುವುದು ಕೊರತೆ. ನಾಳೆ ಈ ಗಲ್ಲೆಯ ಮೇಲೆ ಕೂರಬೇಕಾದವನು, ಅಥವಾ ಕೂರುವುದಿಲ್ಲವೆಂದು ನಿರ್ಧರಿಸಬೇಕಾದವನು, ಆತನೇ.

ಅಂಗಡಿ ತೆರೆಯುವ ಮುನ್ನ ಮೂರು ಗಂಟೆ

ಮೊದಲ ಉಪಾಯ ಸರಳವಾದುದು. ಬಹುತೇಕ ಅಂಗಡಿಗಳು ತೆರೆಯುವುದು ಹತ್ತು ಗಂಟೆಗೆ. ಬೆಳಿಗ್ಗೆ ಆರೂವರೆಗೆ ಮನೆ ಬಿಟ್ಟರೆ ಮೂರು ಗಂಟೆಗೂ ಹೆಚ್ಚಿನ ಸಮಯ ಕೈಯಲ್ಲಿದೆ; ಬಿಸಿಲೂ ಏರಿರುವುದಿಲ್ಲ.

ಉಣಕಲ್ಲಿನ ಚಂದ್ರಮೌಳೇಶ್ವರ ದೇವಾಲಯದಿಂದ ಆರಂಭಿಸಬಹುದು. ಕಲ್ಯಾಣ ಚಾಲುಕ್ಯರ ಕಾಲದ ಈ ಗುಡಿಗೆ ನಾಲ್ಕು ದಿಕ್ಕಿಗೂ ಬಾಗಿಲುಗಳಿವೆ. ಒಳಗೆ ನಾಲ್ಕು ಮುಖದ ಲಿಂಗವೂ ಇದೆ. ಜಾಲಂಧ್ರಗಳ ಮೂಲಕ ಒಳಬರುವ ಬೆಳಗಿನ ಬಿಸಿಲು ಕಂಬಗಳ ಮೇಲೆ ಬೀಳುವುದನ್ನು ನೋಡುವುದಕ್ಕೆ ಏಳು ಗಂಟೆಯೇ ತಕ್ಕ ಹೊತ್ತು. ದಿನವೂ ಧಾರವಾಡದ ಹಾದಿ ಹಿಡಿಯುವ ಸಾವಿರಾರು ಜನ ಇದರ ಸಮೀಪದಲ್ಲೇ ಹಾದುಹೋಗುತ್ತಾರೆ. ಇಳಿದು ನೋಡುವವರು ಕಡಿಮೆ. ಅಲ್ಲಿಂದ ಉಣಕಲ್ ಕೆರೆಯ ದಂಡೆಗೆ ಹೋಗಬಹುದು, ಏರುವ ಉತ್ಸಾಹವಿದ್ದರೆ ನೃಪತುಂಗ ಬೆಟ್ಟಕ್ಕೂ ಹೋಗಬಹುದು. ಬೆಟ್ಟದ ಮೇಲೆ ನಿಂತ ಮಗುವಿಗೆ ಊರಿನ ನಕ್ಷೆ ಒಂದೇ ನೋಟಕ್ಕೆ ಅರ್ಥವಾಗುತ್ತದೆ.

ಇನ್ನೊಂದು ಬೆಳಗನ್ನು ರೈಲು ನಿಲ್ದಾಣಕ್ಕೆ ಮೀಸಲಿಡಬಹುದು. ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ 2023ರ ಮಾರ್ಚ್ 12ರಂದು ಲೋಕಾರ್ಪಣೆಗೊಂಡಿತು. ಅದಕ್ಕೂ ಮುನ್ನ ಜಗತ್ತಿನ ಅತಿ ಉದ್ದದ ಪ್ಲಾಟ್‌ಫಾರ್ಮ್ ಎಂಬ ಹೆಸರು ಗೋರಖಪುರದ್ದಾಗಿತ್ತು; ಅದರ ಉದ್ದ 1,366 ಮೀಟರ್. ಒಂದು ಪ್ಲಾಟ್‌ಫಾರ್ಮ್ ಟಿಕೆಟ್ಟಿಗೆ ಎರಡು ಗಂಟೆಯ ಅವಧಿಯಿದೆ. ಈ ತುದಿಯಿಂದ ಆ ತುದಿಗೆ ಹೆಜ್ಜೆ ಎಣಿಸುತ್ತ ಹೋಗಿ ಬರುವುದಕ್ಕೆ ಅಷ್ಟು ಸಾಕು. ಇಷ್ಟು ಉದ್ದವೇಕೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಬೆಂಗಳೂರು, ಗದಗ, ಲೋಂಡಾ ದಿಕ್ಕಿನ ಮಾರ್ಗಗಳು ಕೂಡುವ ಜಂಕ್ಷನ್ನಿನಲ್ಲಿ ಒಂದೇ ಪ್ಲಾಟ್‌ಫಾರ್ಮಿನಲ್ಲಿ ಎರಡು ರೈಲುಗಳನ್ನು ನಿಲ್ಲಿಸಿ ಎರಡು ದಿಕ್ಕಿಗೆ ಕಳುಹಿಸುವ ಅನುಕೂಲ ಇದರಿಂದ ದೊರೆಯುತ್ತದೆ. ವ್ಯಾಪಾರಿಯ ಮನೆಯ ಮಗುವಿಗೆ ಇದರ ಹಿಂದಿನ ಕಥೆಯನ್ನೂ ಹೇಳಬೇಕು. ಹತ್ತಿಯ ಈ ನಾಡಿಗೆ ಸದರ್ನ್ ಮರಾಠಾ ರೈಲ್ವೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ; ಹುಬ್ಬಳ್ಳಿಯ ರೈಲ್ವೆ ಕಾರ್ಯಾಗಾರ ಸ್ಥಾಪನೆಯಾದದ್ದು 1885ರಲ್ಲಿ. ಮರ್ಮಗೋವಾ ಬಂದರಿನತ್ತ ಹಳಿ ಬಿದ್ದ ಮೇಲೆ ಹುಬ್ಬಳ್ಳಿಯ ಪೇಟೆಯ ಸ್ವರೂಪವೇ ಬದಲಾಯಿತು. ಅದೇ ರೈಲ್ವೆ ಕಂಪನಿಯ ಕೇಂದ್ರ ಕಚೇರಿಯಾಗಿದ್ದ ಧಾರವಾಡದ ಕಟ್ಟಡದಲ್ಲಿ ಇಂದು ಕರ್ನಾಟಕ ಕಾಲೇಜು ನಡೆಯುತ್ತಿದೆ. 2020ರಲ್ಲಿ ಉದ್ಘಾಟನೆಯಾದ ಗದಗ ರಸ್ತೆಯ ರೈಲ್ವೆ ವಸ್ತುಸಂಗ್ರಹಾಲಯವನ್ನೂ ಇದರೊಡನೆ ಸೇರಿಸಿಕೊಳ್ಳಬಹುದು. ಆದರೆ ಅದು ಬೆಳಗಿನ ಏಳಕ್ಕೆ ತೆರೆದಿರುವುದಿಲ್ಲ.

ಅಮರಗೋಳದ ಕೃಷಿ ಉತ್ಪನ್ನ ಮಾರುಕಟ್ಟೆಯ ಪ್ರಾಂಗಣವೂ ನೋಡುವ ಸ್ಥಳವೇ. ಚೀಲ ಇಳಿಯುವುದು, ರಾಶಿ ಸುರಿಯುವುದು, ತೂಕ, ಬೆಲೆ, ಪಟ್ಟಿ ಇವುಗಳನ್ನು ಒಂದು ಗಂಟೆ ನಿಂತು ನೋಡಿದ ಮಗುವಿಗೆ ಮನೆಯ ಅಡುಗೆಮನೆಯ ಮೆಣಸಿನಕಾಯಿ ಬೇರೆಯದೇ ವಸ್ತುವಾಗಿ ಕಾಣುತ್ತದೆ. ದಲಾಲರ ಮಕ್ಕಳೇ ಈ ಪ್ರಾಂಗಣವನ್ನು ನೋಡಿಲ್ಲವೆಂದರೆ ನಂಬುವುದು ಕಷ್ಟ. ಆದರೆ ಅಂಥವರು ಕಡಿಮೆಯೇನಿಲ್ಲ.

ಬೆಂಗೇರಿಯ ಬಾವುಟ

ಸುತ್ತಮುತ್ತಲಿನ ಎಲ್ಲ ಸ್ಥಳಗಳಲ್ಲಿ ಒಂದನ್ನೇ ಆರಿಸಬೇಕೆಂದರೆ ಅದು ಹುಬ್ಬಳ್ಳಿಯ ಬೆಂಗೇರಿಯಾಗಬೇಕು. 1957ರಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ರಾಷ್ಟ್ರಧ್ವಜ ತಯಾರಿಕಾ ಕೇಂದ್ರ ಇಲ್ಲಿದೆ. ಭಾರತೀಯ ಮಾನಕ ಬ್ಯೂರೊದ ಮಾನ್ಯತೆ ಪಡೆದು ಖಾದಿ ರಾಷ್ಟ್ರಧ್ವಜವನ್ನು ತಯಾರಿಸಿ ದೇಶದಾದ್ಯಂತ ಕಳುಹಿಸುವ ಕೇಂದ್ರವಿದು. ಸರ್ಕಾರಿ ಕಚೇರಿಗಳ ಮೇಲೆ ಹಾರುವ ಬಾವುಟ ತನ್ನ ಮನೆಯಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಹೊಲಿದದ್ದಾಗಿರಬಹುದು ಎಂಬ ಸಂಗತಿಯೇ ಮಗುವಿನ ಕಣ್ಣನ್ನು ಅರಳಿಸುತ್ತದೆ.

ಸಣ್ಣ ತಯಾರಕರಿಗೆ ಇಲ್ಲಿ ಕಲಿಯುವುದು ಬಹಳವಿದೆ. ಬಟ್ಟೆ ಬಾಗಲಕೋಟೆ ಜಿಲ್ಲೆಯ ಕೇಂದ್ರಗಳಲ್ಲಿ ಕೈಯಿಂದ ನೂತು, ಕೈಯಿಂದ ನೇಯ್ದು ಬರುತ್ತದೆ. ಬಣ್ಣ ಹಾಕುವುದು, ಅಳತೆಗೆ ಕತ್ತರಿಸುವುದು, ಅಶೋಕ ಚಕ್ರವನ್ನು ಅಚ್ಚು ಹಾಕುವುದು, ಮೂರು ಪಟ್ಟಿಗಳನ್ನು ಕೂಡಿಸಿ ಹೊಲಿಯುವುದು, ಹಗ್ಗ ಮತ್ತು ಮರದ ಗುಬಟು ಜೋಡಿಸುವುದು, ಇಸ್ತ್ರಿ ಮಾಡಿ ಮಡಿಸುವುದು, ಹೀಗೆ ಒಂದೊಂದು ಹಂತಕ್ಕೂ ಪ್ರತ್ಯೇಕ ಕೈಗಳಿವೆ; ದುಡಿಯುವವರಲ್ಲಿ ಮಹಿಳೆಯರೇ ಹೆಚ್ಚು. ಒಂಬತ್ತು ಅಳತೆಗಳಲ್ಲಿ ಅತಿ ಚಿಕ್ಕದು 150 ಮಿ.ಮೀ. ಉದ್ದ, 100 ಮಿ.ಮೀ. ಅಗಲ, ಅತಿ ದೊಡ್ಡದು 6,300ಕ್ಕೆ 4,200 ಮಿ.ಮೀ., ಅಂದರೆ ಸರಿಸುಮಾರು 21 ಅಡಿಗೆ 14 ಅಡಿ. ಅಳತೆ ಯಾವುದಾದರೂ ಉದ್ದ ಮತ್ತು ಅಗಲದ ಅನುಪಾತ ಮೂರಕ್ಕೆ ಎರಡೇ. ಇಪ್ಪತ್ತನಾಲ್ಕು ಅರಗಳ ಚಕ್ರ ಬಟ್ಟೆಯ ಎರಡೂ ಮಗ್ಗುಲಿಗೆ ಒಂದರ ಬೆನ್ನಿಗೆ ಒಂದು ಕರಾರುವಾಕ್ಕಾಗಿ ಕೂರಬೇಕು. ನೂಲಿನ ಎಣಿಕೆ, ಬಣ್ಣದ ಛಾಯೆ, ಹೊಲಿಗೆ ಎಲ್ಲಕ್ಕೂ ಮಾನದಂಡವುಂಟು. ಗುಣಮಟ್ಟ ಪರೀಕ್ಷೆ ಎಂಬ ಪದ ತಂದೆಯ ಬಾಯಿಂದ ನೂರು ಸಲ ಕೇಳಿದ್ದಕ್ಕಿಂತ ಈ ಒಂದು ಚಕ್ರವನ್ನು ಬೆಳಕಿಗೆ ಹಿಡಿದು ನೋಡಿದರೆ ಹೆಚ್ಚು ತಿಳಿಯುತ್ತದೆ.

ಇಲ್ಲಿ ಮಕ್ಕಳಿಗೆ ಮುಚ್ಚಿಡಬಾರದ ಇನ್ನೊಂದು ಪಾಠವೂ ಇದೆ. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ, ಯಂತ್ರದಲ್ಲಿ ನೇಯ್ದ ಹಾಗೂ ಪಾಲಿಯೆಸ್ಟರ್ ಬಟ್ಟೆಯ ಧ್ವಜಗಳಿಗೂ ಅವಕಾಶ ದೊರೆಯಿತು. 2022ರ ಆಗಸ್ಟಿನಲ್ಲಿ ಮನೆಮನೆಯ ಮೇಲೆ ಧ್ವಜ ಹಾರಿಸುವ ಅಭಿಯಾನ ನಡೆದಾಗ ಪೇಟೆಗೆ ಅಗ್ಗದ ಪಾಲಿಯೆಸ್ಟರ್ ಬಾವುಟಗಳು ಹರಿದುಬಂದವು. ಬೆಂಗೇರಿಯ ಸಂಸ್ಥೆ ತಿದ್ದುಪಡಿಯನ್ನು ವಿರೋಧಿಸಿತು. ಕೋಟ್ಯಂತರ ಮನೆಗಳಿಗೆ ಕೈನೂಲಿನ ಧ್ವಜವನ್ನು ಕೆಲವೇ ವಾರಗಳಲ್ಲಿ ಒದಗಿಸುವುದು ಸಾಧ್ಯವಿರಲಿಲ್ಲ ಎಂಬ ವಾದಕ್ಕೆ ತೂಕವಿದೆ. ನೂಲುವ ಮತ್ತು ಹೊಲಿಯುವ ಮಹಿಳೆಯರ ದುಡಿಮೆಗೆ ಪೆಟ್ಟು ಬೀಳುತ್ತದೆ ಎಂಬ ಅಳಲೂ ಸುಳ್ಳಲ್ಲ. ಹನ್ನೆರಡು-ಹದಿಮೂರು ವಯಸ್ಸಿನ ಮಕ್ಕಳು ಇದನ್ನು ಚೆನ್ನಾಗಿ ಅರ್ಥ ಮಾಡಿಕೊಳ್ಳಬಲ್ಲರು. ಒಂದು ಸರ್ಕಾರಿ ಆದೇಶ ಒಂದು ಉದ್ಯಮದ ಲೆಕ್ಕವನ್ನು ಹೇಗೆ ತಲೆಕೆಳಗು ಮಾಡುತ್ತದೆಂಬುದು ವ್ಯಾಪಾರಿಯ ಮನೆಯಲ್ಲಿ ಹೇಗೂ ದಿನದ ಮಾತು.

ಜಮಖಾನೆ ಮತ್ತು ತೊಟ್ಟಿಲು

ವಾರದ ರಜೆಯ ದಿನ ನವಲಗುಂದಕ್ಕೆ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದು. ಅಲ್ಲಿಯ ಜಮಖಾನೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ವಿಜಯಪುರದ ಕಡೆಯಿಂದ ಬಂದ ಕುಟುಂಬಗಳು ಈ ಕಸುಬನ್ನು ತಂದವು ಎನ್ನಲಾಗುತ್ತದೆ. ನೇಯುವವರು ಮಹಿಳೆಯರೇ, ಮನೆಯೊಳಗೆ ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕುಳಿತು ನವಿಲು, ಪಗಡೆಯ ಹಾಸಿನಂತಹ ವಿನ್ಯಾಸಗಳನ್ನು ಮೂಡಿಸುತ್ತಾರೆ. ನೇಯುವ ಕೈಗಳು ಈಗ ಬೆರಳೆಣಿಕೆಯಷ್ಟು. ದುಡಿತಕ್ಕೆ ತಕ್ಕ ಪ್ರತಿಫಲವಿಲ್ಲವೆಂದು ಹೊಸ ತಲೆಮಾರು ಮಗ್ಗದ ಹತ್ತಿರ ಸುಳಿಯುವುದಿಲ್ಲ. ಹುಬ್ಬಳ್ಳಿಯ ಎಷ್ಟು ಹಾಸಿಗೆ, ಕಾರ್ಪೆಟ್ ಅಂಗಡಿಗಳಲ್ಲಿ ನವಲಗುಂದದ ಜಮಖಾನೆ ಮಾರಾಟಕ್ಕಿದೆ ಎಂದು ಒಬ್ಬ ಹುಡುಗ ಕೇಳಿದರೆ ತಂದೆಯ ಬಳಿ ಸಮಾಧಾನದ ಉತ್ತರ ಇರಲಾರದು. ಭೌಗೋಳಿಕ ಗುರುತು ಪ್ರಮಾಣಪತ್ರವನ್ನು ಕೊಡುತ್ತದೆ. ಗಿರಾಕಿಯನ್ನು ಹುಡುಕಿಕೊಡುವುದು ಪೇಟೆಯ ಕೆಲಸ.

ಕಲಘಟಗಿಯ ತೊಟ್ಟಿಲಿನದು ಬೇರೆ ಬಗೆಯ ವ್ಯವಹಾರ. ಸಾಗವಾನಿ ಮರ, ಅರಗಿನ ಬಣ್ಣ, ಪಟ್ಟಿಗಳ ಮೇಲೆ ರಾಮಾಯಣ ಅಥವಾ ಕೃಷ್ಣನ ಬಾಲಲೀಲೆಯ ಚಿತ್ರಗಳು. ಚೊಚ್ಚಲ ಬಾಣಂತನಕ್ಕೆ ತವರಿನಿಂದ ಕೊಡುವ ಈ ತೊಟ್ಟಿಲನ್ನು ಮುಂಗಡ ಕೊಟ್ಟು ಮಾಡಿಸಬೇಕು, ತಿಂಗಳುಗಟ್ಟಲೆ ಕಾಯಬೇಕು. ದಾಸ್ತಾನು ಇಲ್ಲದೆ, ಜಾಹೀರಾತು ಇಲ್ಲದೆ, ಮುಂಗಡ ಬೇಡಿಕೆಯ ಮೇಲೆಯೇ ಕೆಲವೇ ಕುಟುಂಬಗಳು ಈ ಹೆಸರನ್ನು ಉಳಿಸಿಕೊಂಡಿವೆ.

ಧಾರವಾಡದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸಾಧನಕೇರಿಯ ಬೇಂದ್ರೆ ಭವನ, ವಿಶ್ವವಿದ್ಯಾಲಯದ ಆವರಣದ ಪ್ರಾದೇಶಿಕ ವಿಜ್ಞಾನ ಕೇಂದ್ರ, ಹಂಗಾಮಿನಲ್ಲಿ ಕೆಲಗೇರಿಯ ಕಡೆಯ ಆಪೂಸು ಮಾವಿನ ತೋಟಗಳು ಒಂದು ದಿನಕ್ಕೆ ಸಾಕು. ಮರಳುವಾಗ ಪೇಡೆ ಕೊಳ್ಳುವಲ್ಲಿ, ಉತ್ತರದ ಉನ್ನಾವ್‌ನಿಂದ ವಲಸೆ ಬಂದ ಠಾಕೂರ ಕುಟುಂಬ ಈ ಸಿಹಿಯನ್ನು ಇಲ್ಲಿ ಮಾಡಲಾರಂಭಿಸಿ ಊರಿಗೇ ಹೆಸರು ತಂದ ಸಂಗತಿಯನ್ನು ಹೇಳಬಹುದು.

ಒಂದು ಪೂರ್ಣ ದಿನವಿದ್ದರೆ

ಆಗ ಗದಗದ ದಾರಿ ಹಿಡಿಯಬೇಕು. ಗದಗದ ಸಮೀಪದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಆರಂಭಿಸಿದ ಸಂಘ, ಹಿಂದಿನ ವರ್ಷವಷ್ಟೇ ಬಂದಿದ್ದ ಸಹಕಾರ ಕಾಯ್ದೆಯಡಿ ಹುಟ್ಟಿದ ದೇಶದ ಮೊದಮೊದಲ ಕೃಷಿ ಪತ್ತಿನ ಸಂಘಗಳಲ್ಲಿ ಒಂದು. ನೋಡಲು ದೊಡ್ಡ ಕಟ್ಟಡವೇನೂ ಬೇಕಿಲ್ಲ. ಸಾಲ, ಠೇವಣಿ, ಬಡ್ಡಿ ಎಂಬ ಪದಗಳು ಒಂದು ಹಳ್ಳಿಯಲ್ಲಿ ಹೇಗೆ ಬೇರು ಬಿಟ್ಟವೆಂದು ಹೇಳಲು ಆ ಊರೇ ಸಾಕು.

ಗದಗದಿಂದ ಹನ್ನೆರಡು ಕಿಲೋಮೀಟರ್ ದೂರದ ಲಕ್ಕುಂಡಿ ಹಿಂದೆ ಲೊಕ್ಕಿಗುಂಡಿ. ಚಾಲುಕ್ಯರ ಕಾಲದಲ್ಲಿ ಇಲ್ಲಿ ಟಂಕಸಾಲೆಯಿತ್ತು. ಇಲ್ಲಿಯ ಹೊನ್ನಿನ ಗದ್ಯಾಣಗಳು ಊರಿನ ಹೆಸರಿನಿಂದಲೇ ಪ್ರಸಿದ್ಧವಾಗಿದ್ದವು. 1007ರಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯ ಇನ್ನೂ ನಿಂತಿದೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಗರಿಯಲ್ಲಿ ಬರೆಸಿ ಹಂಚಿದವಳು ಆಕೆ. ಮುದ್ರಣಕ್ಕೆ ಹೆಸರಾದ ಗದಗದ ಪಕ್ಕದಲ್ಲೇ, ಅಚ್ಚಿನ ಮೊಳೆಗಳು ಬರುವುದಕ್ಕೆ ಶತಮಾನಗಳ ಮೊದಲು ಹೀಗೊಂದು ಪ್ರಕಾಶನ ನಡೆದಿತ್ತು. ಮಕ್ಕಳಿಗೆ ಎಲ್ಲಕ್ಕಿಂತ ಹಿಡಿಸುವುದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಮುಸುಕಿನ ಬಾವಿ. ಕಾಶಿ ವಿಶ್ವೇಶ್ವರ ಗುಡಿಯ ಬಾಗಿಲವಾಡದ ಸೂಕ್ಷ್ಮ ಕೆತ್ತನೆಗೆ ಹಿರಿಯರಾದರೂ ಹತ್ತು ನಿಮಿಷ ಕೊಡಬೇಕು.

ಸದಸ್ಯರು ಮಾಡಬಹುದಾದದ್ದು

ಮೇಲಿನ ಯಾವುದಕ್ಕೂ ದೊಡ್ಡ ಖರ್ಚಿಲ್ಲ. ನೀರು, ಟೊಪ್ಪಿಗೆ, ಹನ್ನೊಂದರ ಒಳಗೆ ನೆರಳು ಸೇರುವ ಎಚ್ಚರ ಇಷ್ಟಿದ್ದರೆ ಸಾಕು. ಮೇ ತಿಂಗಳಲ್ಲಿ ಸಂಜೆಯ ಗುಡುಗು-ಮಳೆಗೆ ಮುನ್ನ ಮನೆ ಸೇರುವುದು ಲೇಸು. ಕುಶಲಕರ್ಮಿಗಳ ಮನೆಗೆ ಹೋದಾಗ ಅವರ ದುಡಿತದ ಹೊತ್ತನ್ನು ಬಳಸಿಕೊಳ್ಳುತ್ತಿದ್ದೇವೆಂಬ ಅರಿವು ಬೇಕು. ಚೌಕಾಸಿ ಮಾಡದೆ ಏನಾದರೊಂದನ್ನು ಕೊಳ್ಳುವುದು ಮರ್ಯಾದೆ. ದಿನವೆಲ್ಲ ಚೌಕಾಸಿಯಲ್ಲೇ ಕಳೆಯುವವರಿಗೆ ಇದು ತುಸು ಕಷ್ಟವಾದೀತು.

ನೋಡಲು ಯೋಗ್ಯವಾದ ಇನ್ನೊಂದು ಸ್ಥಳ ಸದಸ್ಯರ ಕೈಯಲ್ಲೇ ಇದೆ. ಗೋಕುಲ ರಸ್ತೆಯಲ್ಲಿಯೂ ತಾರಿಹಾಳದಲ್ಲಿಯೂ ಇರುವ ಕಾರ್ಖಾನೆಗಳ ಒಳಗೆ ಏನು ನಡೆಯುತ್ತದೆಂದು ಊರಿನ ಮಕ್ಕಳಿಗೆ ಗೊತ್ತಿಲ್ಲ. ರಜೆಯಲ್ಲಿ ಒಂದು ದಿನ, ಎರಡು ಗಂಟೆ, ಹತ್ತು-ಹನ್ನೆರಡು ಮಕ್ಕಳ ತಂಡಕ್ಕೆ ಬಾಗಿಲು ತೆರೆದರೆ ಉತ್ಪಾದನೆಗೆ ಆಗುವ ಅಡಚಣೆ ಅಲ್ಪ. ನೆಲದ ಮೇಲೆ ಹಳದಿ ಗೆರೆ ಎಳೆದು ಅದರಾಚೆಗೆ ಯಾರೂ ಹೋಗದಂತೆ ನೋಡಿಕೊಳ್ಳಬೇಕು. ಮುಚ್ಚಿದ ಬೂಟು ಕಡ್ಡಾಯ. ಜೋಲುವ ದುಪಟ್ಟಾ, ಸಡಿಲ ತೋಳು ಬೇಡ. ಯಂತ್ರದ ಕೆಲಸವನ್ನು ವಿವರಿಸುವವನು ಯಜಮಾನನಾಗದೆ ಅದನ್ನು ನಡೆಸುವ ಕಾರ್ಮಿಕನಾದರೆ ಮಕ್ಕಳು ಹೆಚ್ಚು ಆಸಕ್ತಿಯಿಂದ ಕೇಳುತ್ತಾರೆ. ಆ ತಂಡದಲ್ಲಿ ಕಾರ್ಮಿಕರ ಮಕ್ಕಳೂ ಇರಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಬೆಂಗೇರಿಗೆ ಹೋಗುವವರು ಮುಂಚಿತವಾಗಿ ಸಂಸ್ಥೆಯ ಕಚೇರಿಗೆ ತಿಳಿಸಿ, ಕೆಲಸದ ವೇಳೆಯಲ್ಲಿ ಅನುಮತಿ ಪಡೆದು ಹೋಗುವುದು ಒಳ್ಳೆಯದು. ಮಳೆಗಾಲ ಕಾಲಿಟ್ಟ ಮೇಲೆ ಆಗಸ್ಟ್ 15ರ ಬೇಡಿಕೆಗಳು ಬರಲಾರಂಭಿಸಿ ಅಲ್ಲಿಯ ಕೈಗಳಿಗೆ ಬಿಡುವು ಇರುವುದಿಲ್ಲ. ಆದ್ದರಿಂದ ಏಪ್ರಿಲ್ ಮತ್ತು ಮೇ ತಿಂಗಳುಗಳೇ ಅನುಕೂಲ.